ಕಾಸರಕನ ಮರದ ಆಚೆ ವಿಸಿಲಿಲ್ಲ

ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಕಂಡಕ್ಟರು ಡ್ರೈವರನ ಜೊತೆ ಮಾತಾಡುವುದು ವಿಸಿಲಿನಲ್ಲಿ. ಒಂದು ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಬಸ್ಸಿನೊಳಗೆ ಹಾಡು ಮೊಳಗುತ್ತಿರಲಿ, ಹಂಪನಕಟ್ಟೆಯ ಸಿಗ್ನಲಿನಲ್ಲಿ ಇಡೀ ಊರೇ ಹಾರ್ನ್ ಒತ್ತುತ್ತಿರಲಿ, ಡ್ರೈವರನ ಕಿವಿ ಆ ಒಂದು ಸದ್ದನ್ನು ಹೆಕ್ಕಿಕೊಳ್ಳುತ್ತದೆ. ಕೇಳಿದ್ದು ತಲೆಗೆ ಹೋಗುವ ಮೊದಲೇ ಕಾಲಿಗೆ ಹೋಗಿರುತ್ತದೆ. ನೋಣಯ್ಯ ತಮ್ಮ ಪ್ರಾಯಕಾಲವನ್ನೆಲ್ಲ ಈ ಭಾಷೆಯಲ್ಲಿ ಕಳೆದವರು. ಫುಟ್‌ಬೋರ್ಡಿನ ಕಂಬಿ ಹಿಡಿದು ಹಿಡಿದು ಅವರ ಎಡಗೈಯ ಬೆರಳುಗಳು ಸುಮ್ಮನೆ ಕೂತಿರುವಾಗಲೂ ಸ್ವಲ್ಪ ಮಡಚಿಯೇ ಇರುತ್ತಿದ್ದವು.

ಅವರ ಬಸ್ಸಿನ ಹೆಸರು ಜಾಯ್ಸ್. ಅದು ಬಸ್ಸಿನ ದಣಿ ನೆವಿಲರ ತಾಯಿಯ ಹೆಸರು. ಹಾಗಾಗಿ ಆ ದಾರಿಯ ಜನ ಬಸ್ಸನ್ನು ಮನೆಯ ಹೆಂಗಸಿನಂತೆಯೇ ಕರೆಯುತ್ತಿದ್ದರು. 'ಜಾಯ್ಸ್ ಹೋದಳಾ?' 'ಈಗ ಬರ್ತಾಳೆ, ಮೇಲಿನ ತಿರುವಿನಲ್ಲಿ ಸದ್ದು ಕೇಳ್ತಾ ಉಂಟು.' ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಹೊರಟ ಜಾಯ್ಸ್ ಕೊಡಿಯಾಲ್‌ಬೈಲಿನಲ್ಲಿ ಕಾಲೇಜಿನ ಮಕ್ಕಳನ್ನು ತುಂಬಿಕೊಂಡು, ಉರ್ವ ಮಾರ್ಕೆಟಿನಲ್ಲಿ ಮೀನಿನ ಚೀಲಗಳನ್ನು ಹತ್ತಿಸಿಕೊಂಡು, ಪೇಟೆಯನ್ನು ಹಿಂದೆ ಬಿಟ್ಟು, ಗುಡ್ಡ ಹತ್ತಿ, ಗದ್ದೆಗಳ ನಡುವೆ ಇಳಿದು, ಕೊನೆಗೆ ಬೊಳ್ಳಿಮಾರಿನ ಕೆರೆಯ ದಂಡೆಯಲ್ಲಿ ನಿಲ್ಲುತ್ತಾಳೆ. ಅಲ್ಲಿಂದ ಮುಂದೆ ರಸ್ತೆ ಇಲ್ಲ. ಸಂಜೆಯ ಟ್ರಿಪ್ಪಿನಲ್ಲಿ ಬಸ್ಸು ತಿರುಗಿ ಹೊರಡುವ ಮೊದಲು ಸಣ್ಣದೊಂದು ಬಿಡುವು ಸಿಗುತ್ತದೆ. ಸೂರ್ಯ ಮುಳುಗುವುದೂ ಆ ಹೊತ್ತಿಗೇ.

ಕೆರೆಗೆ ಸ್ವಲ್ಪ ಮೊದಲು, ರಸ್ತೆ ತಿರುಗುವಲ್ಲಿ, ಒಂದು ಹಳೆಯ ಕಾಸರಕನ ಮರ ಇದೆ. ಪೇಟೆಯಿಂದ ಅಲ್ಲಿಯವರೆಗೂ ಕೂಗಾಡಿಕೊಂಡು ಬರುವ ಜಾಯ್ಸ್ ಆ ಮರ ದಾಟಿದೊಡನೆ ಬೆಕ್ಕಿನ ನಡಿಗೆಗೆ ಬರುತ್ತಾಳೆ. ಹಾರ್ನ್ ಇಲ್ಲ, ಹಾಡು ಇಲ್ಲ, ವಿಸಿಲಂತೂ ಇಲ್ಲವೇ ಇಲ್ಲ. ಫೋನಿನಲ್ಲಿ ಜಗಳವಾಡುತ್ತಿದ್ದವರು ಸ್ವರ ತಗ್ಗಿಸುತ್ತಾರೆ. ಮಕ್ಕಳು ತಾವೇ ತಾವಾಗಿ ಬಾಯಿಗೆ ಕೈ ಹಿಡಿಯುತ್ತಾರೆ. ಯಾವ ಇಲಾಖೆಯೂ ಅಲ್ಲಿ ಬೋರ್ಡು ನೆಟ್ಟಿಲ್ಲ. ಇದು ನೋಣಯ್ಯ ಮಾಡಿದ ಕಾನೂನು. ಆದರೆ ಅದನ್ನು ಅವರಿಗೆ ಕಲಿಸಿದ್ದು ಒಂದು ಬೈಗಳು.

ಅವರು ಮೊದಲ ಸಲ ಬೊಳ್ಳಿಮಾರಿನ ಡ್ಯೂಟಿಗೆ ಬಂದದ್ದು ಮದುವೆಯಾದ ಹೊಸತರಲ್ಲಿ. ಬಸ್ಸನ್ನು ಹಿಂದಕ್ಕೆ ತಿರುಗಿಸಬೇಕಿತ್ತು. ಹಿಂದೆ ನಿಂತು, ಎಳೆಯ ಕಂಡಕ್ಟರನ ಉಮೇದಿನಲ್ಲಿ, ಎದೆಯಲ್ಲಿದ್ದ ಗಾಳಿಯನ್ನೆಲ್ಲ ತುಂಬಿ ವಿಸಿಲ್ ಊದಿದರು. ಕೆರೆಯ ಮೇಲೆ ಹಾಸಿದ್ದ ಕಂದು ಪಾಚಿ ಎಂದು ಅವರು ತಿಳಿದದ್ದು ಒಮ್ಮೆಲೇ ಎದ್ದು ನಿಂತಿತು. ಅವು ಶಿಳ್ಳೆಬಾತುಗಳು. ಇಡೀ ಹಿಂಡು ನೀರನ್ನು ಕಿತ್ತುಕೊಂಡು ಹೋದಂತೆ ಮೇಲೆದ್ದು, ತಲೆಯ ಮೇಲೆ ಗಾಬರಿಯಲ್ಲಿ ಸುತ್ತಿ, ಗುಡ್ಡದಾಚೆ ಹೋಯಿತು. ಗದ್ದೆಯಿಂದ ಸಾಲಾಗಿ ಬರುತ್ತಿದ್ದ ಬೆಳ್ಳಕ್ಕಿಗಳು ಅರ್ಧದಲ್ಲೇ ದಾರಿ ತಿರುಗಿಸಿದವು. ಕೆರೆ ಖಾಲಿಯಾಯಿತು.

ದಂಡೆಯ ಶರಬತ್ತಿನ ಅಂಗಡಿಯಿಂದ ಐಸಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

"ಎಂತ ಮೋನೇ ಇದು? ನಿನ್ನ ಮನೆಯಲ್ಲಿ ಮಗು ಮಲಗಿದ್ದಾಗಲೂ ಹೀಗೇ ಊದ್ತೀಯಾ?"

"ಮಗು ಆಗ್ಲಿಲ್ಲ ಇನ್ನೂ" ಎಂದರು ನೋಣಯ್ಯ, ಬೇರೇನೂ ತೋಚದೆ.

"ಆಗ್ತದೆ. ಆಗ ಗೊತ್ತಾಗ್ತದೆ."

ಮರುದಿನ ನೋಣಯ್ಯ ವಿಸಿಲನ್ನು ಅಂಗಿಯ ಜೇಬಿಗೆ ಹಾಕಿ, ಬಸ್ಸಿನ ತಗಡಿಗೆ ಅಂಗೈಯಲ್ಲಿ ಮೆಲ್ಲಗೆ ತಟ್ಟಿ ಅದನ್ನು ತಿರುಗಿಸಿದರು. ಐಸಮ್ಮ ಅಂಗಡಿಯೊಳಗಿಂದಲೇ ನೋಡಿದರು. ಲಿಂಬೆ ಶರಬತ್ತಿನ ಗ್ಲಾಸೊಂದನ್ನು ಅವರ ಕೈಗೆ ಕೊಟ್ಟು, "ನಿಲ್ಲು. ನೋಡು" ಎಂದರು, ಅಷ್ಟೆ.

ಅಂದು ಕಂಡದ್ದನ್ನು ನೋಣಯ್ಯ ಯಾವಾಗಲೂ ತಮ್ಮ ಕೆಲಸದ ಮಾತಿನಲ್ಲೇ ಹೇಳುತ್ತಿದ್ದರು. ಕೆರೆಯ ನಡುವೆ ಒಂದು ಸಣ್ಣ ಕುದ್ರು, ಅಂದರೆ ನಡುಗಡ್ಡೆ, ಇದೆ, ಅದರ ತುಂಬ ಮರಗಳು. ಹಗಲಿಡೀ ಗದ್ದೆಗಳಲ್ಲಿ ದುಡಿದ ಬೆಳ್ಳಕ್ಕಿಗಳು ಆ ಮರಗಳಿಗೆ ಮಲಗಲು ಬರುತ್ತವೆ. ಹಗಲಿಡೀ ನೀರಿನ ಮೇಲೆ ಮಲಗಿದ್ದ ಶಿಳ್ಳೆಬಾತುಗಳು ಆ ಹೊತ್ತಿಗೇ ಎದ್ದು ಗದ್ದೆಗಳಿಗೆ ಹೊರಡುತ್ತವೆ. "ಡ್ಯೂಟಿ ಬದಲಾಗುದು" ಎನ್ನುತ್ತಿದ್ದರು ನೋಣಯ್ಯ. "ಒಂದು ಬ್ಯಾಚು ಇಳೀತದೆ, ಒಂದು ಬ್ಯಾಚು ಹತ್ತುತದೆ. ಕೆರೆಯ ಮೇಲೆ ಎರಡೂ ಎದುರುಬದುರಾಗ್ತವೆ. ಒಂದಕ್ಕೊಂದು ತಾಗುದಿಲ್ಲ ಮಾರಾಯ್ರೆ! ನಮ್ಮ ಸ್ಟೇಟ್‌ಬ್ಯಾಂಕಿನಲ್ಲಿ ಹಾಗೆ ಒಂದು ದಿನ ಆಗಿದ್ದುಂಟಾ?" ಹೊರಡುವ ಬಾತುಗಳು ಹಾರುತ್ತಾ ಸಣ್ಣಗೆ ಶಿಳ್ಳೆ ಹಾಕುತ್ತವೆ. ಕೆಳಗೆ ನೀರು ಮೊದಲು ಹಳದಿ, ಆಮೇಲೆ ಕುಂಕುಮ, ಆಮೇಲೆ ಬೂದಿ.

ಒಬ್ಬಳು ಕಾಲೇಜು ಹುಡುಗಿ ಫೋನಿನಲ್ಲಿ ಚಿತ್ರ ತೋರಿಸಿ ಹಕ್ಕಿಗಳ ಹೆಸರನ್ನೆಲ್ಲ ಹೇಳಿಕೊಟ್ಟಿದ್ದಳು. ನೋಣಯ್ಯ ಸಂತೋಷದಿಂದ ಕೇಳಿ ಸಂತೋಷದಿಂದ ಮರೆತರು. ಅವರ ಹೆಸರುಗಳೇ ಬೇರೆ. ಹಣೆಯಲ್ಲಿ ಬಿಳಿ ಬೊಟ್ಟಿದ್ದ ಕಪ್ಪು ನೀರುಕೋಳಿ 'ನಾಮ ಹಾಕಿದವ'. ರೆಕ್ಕೆ ಬಿಡಿಸಿ ಗೂಟದ ಮೇಲೆ ನಿಲ್ಲುವ ನೀರುಕಾಗೆ 'ಅಂಗಿ ಒಣಗಿಸುವವ'. ತಾವರೆ ಎಲೆಗಳ ಮೇಲೆ ಉದ್ದ ಬೆರಳುಗಳನ್ನು ಊರಿ, ಒಂದೊಂದೇ ಎಲೆಯನ್ನು ಬಗ್ಗಿ ನೋಡಿ ಮುಂದೆ ಹೋಗುವ ಹಕ್ಕಿ 'ಚೆಕ್ಕಿಂಗ್ ಇನ್‌ಸ್ಪೆಕ್ಟರ್'.

ತಿರುವಿನ ಹಾರ್ನಿಗೂ ಹಕ್ಕಿಗಳು ಬೆಚ್ಚುತ್ತವೆ ಎಂದು ಕಂಡ ಮೇಲೆ ಅವರು ಗಡಿಯನ್ನು ಕಾಸರಕನ ಮರದವರೆಗೆ ಹಿಂದೆ ಸರಿಸಿದರು. ಡ್ರೈವರುಗಳು ಬದಲಾದಂತೆಲ್ಲ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತಿತ್ತು. ಈಗಿನ ಡ್ರೈವರ್ ಅಝರ್ ಸೇರಿದ ದಿನ ಜೋರಾಗಿ ನಕ್ಕಿದ್ದ. "ಹಕ್ಕಿಗಳಿಗೂ ಟಿಕೆಟ್ ಹರೀತೀರಾ ನೋಣಯ್ಯಣ್ಣ?"

"ಅವುಗಳದ್ದು ಪಾಸ್. ನೀನು ಮುಂದೆ ನೋಡಿ ಓಡ್ಸು."

ವಾರದೊಳಗೆ ಅಝರನೇ ಮರದ ಹತ್ತಿರ ಬಂದಾಗ ಸ್ಟಿಯರಿಂಗನ್ನು ಹಗುರವಾಗಿ ಹಿಡಿಯತೊಡಗಿದ. ಆಮೇಲೆ ಊರಿಗೇ ಅದು ಅಭ್ಯಾಸವಾಯಿತು. ಮದುವೆಯ ದಿಬ್ಬಣಗಳು ಪಟಾಕಿಯನ್ನು ಮರದ ಈಚೆಗೇ ಮುಗಿಸಿ ಬರುತ್ತಿದ್ದವು. ಬೊಳ್ಳಿಮಾರಿನ ಜನ ನೆಂಟರಿಗೆ ದಾರಿ ಹೇಳುವಾಗ, ಕೊನೆಯಲ್ಲಿ ಎದೆ ಸ್ವಲ್ಪ ಮುಂದೆ ಮಾಡಿ, "ನಮ್ಮಲ್ಲಿ ಹಾರ್ನ್ ಇಲ್ಲ, ಗೊತ್ತುಂಟಲ್ಲ" ಎಂದು ಸೇರಿಸುತ್ತಿದ್ದರು. ಆಚೆ ದಂಡೆಯಲ್ಲಿ ಮಾತ್ರ ಕೂರುತ್ತಿದ್ದ ಹಕ್ಕಿಗಳು ವರ್ಷ ವರ್ಷ ಹತ್ತಿರ ಬಂದು, ಈಗ ಬಸ್ಸು ತಿರುಗುವ ಜಾಗದ ಎದುರಿಗೇ ತೇಲುತ್ತಿದ್ದವು. ಐಸಮ್ಮ ತೀರಿಕೊಂಡು, ಮಗಳು ರಮ್ಲಾ ಅಂಗಡಿಗೆ ಕೂತಳು. ಶರಬತ್ತು ಅದೇ, ಬೆಂಚು ಅದೇ.

ಇಷ್ಟೆಲ್ಲ ಆಗಿಯೂ ಈ ಕೆರೆಯನ್ನು ನೋಡದ ಒಬ್ಬರಿದ್ದರು. ನೋಣಯ್ಯನವರ ಹೆಂಡತಿ ದೇಯಿ.

ಬೋಳಾರದಲ್ಲಿ, ನದಿಗೆ ಇಳಿಯುವ ಓಣಿಯಲ್ಲಿ ಅವರ ಮನೆ. ದೇಯಿ ಬೀಡಿ ಕಟ್ಟುವವರು. ಬೆಳಗ್ಗಿನಿಂದ ಮಡಿಲಿನಲ್ಲಿ ತಡ್ಪೆಯ ಮೊರ ಇಟ್ಟುಕೊಂಡು ಎಲೆಗೆ ಹೊಗೆಸೊಪ್ಪು ತುಂಬಿ ಸುರುಳಿ ಸುತ್ತಿದರೆ, ಸಂಜೆ ಅದನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಕೊಟ್ಟು ಬರಬೇಕು. ಕೆರೆಯಲ್ಲಿ ಸೂರ್ಯ ಮುಳುಗುವ ಹೊತ್ತು ಅವರಿಗೆ ಬ್ರಾಂಚಿನ ಸಾಲಿನಲ್ಲಿ ನಿಲ್ಲುವ ಹೊತ್ತು. ಗಂಡ ಊಟಕ್ಕೆ ಕೂತು, "ಇವತ್ತು ಬಿಳಿಯವು ಲೇಟು" ಎಂದರೆ, ದೇಯಿ ಅನ್ನ ಬಡಿಸುತ್ತಾ, "ಫೈನ್ ಹಾಕಿದಿರಾ?" ಎನ್ನುತ್ತಿದ್ದರು. ಇನ್ನೂ ಮುಂದುವರಿದರೆ, "ಅಲ್ಲ, ದಿನಾ ದಿನಾ ಹೋಗ್ಲಿಕ್ಕೆ ನಿಮ್ಮ ಆ ಹಕ್ಕಿ ಸೀರೆ ಉಡ್ತದಾ, ಚೂಡಿದಾರ ಹಾಕ್ತದಾ?" ಎಂದು ಮಗಳ ಎದುರಿಗೇ ಕೇಳುತ್ತಿದ್ದರು. ಮಗಳು ಮದುವೆಯಾಗಿ ಹೋದ ಮೇಲೂ ಆ ಪ್ರಶ್ನೆ ಉಳಿಯಿತು.

ಒಮ್ಮೆ ಅವರನ್ನು ಕರೆದುಕೊಂಡು ಹೊರಟದ್ದೂ ಉಂಟು. ಮಗಳು ಚಿಕ್ಕವಳಿದ್ದಾಗ. ಆವತ್ತು ಉರ್ವ ದಾಟುವಾಗ ಟಯರು ಪಂಕ್ಚರಾಗಿ, ಕೆರೆ ಮುಟ್ಟುವಾಗ ಕಪ್ಪು ಕವಿದಿತ್ತು. ನೀರು ಕಾಣಲಿಲ್ಲ, ಹಕ್ಕಿ ಕಾಣಲಿಲ್ಲ. ಕಪ್ಪೆಗಳು ಮಾತ್ರ ಗಂಟಲು ಹರಿಯುವಂತೆ ವಟಗುಟ್ಟುತ್ತಿದ್ದವು. ಅಲ್ಲಿಂದ ಮೇಲೆ ದೇಯಿಯ ಬಾಯಲ್ಲಿ ಅದು 'ನಿಮ್ಮ ಕಪ್ಪೆಕೆರೆ'.

ಮಂಡಿ ನೋವು ಹೆಚ್ಚಾಗಿ, ಈ ಫೆಬ್ರವರಿಗೆ ಕೆಲಸ ಬಿಡುವುದೆಂದು ನೋಣಯ್ಯ ತೀರ್ಮಾನಿಸಿದಾಗ ಹೆಂಡತಿಯ ಮುಂದೆ ಒಂದೇ ಕೇಳಿಕೆ ಇಟ್ಟರು. ಕೊನೆಯ ದಿನ ನನ್ನ ಬಸ್ಸಿನಲ್ಲಿ ಬೊಳ್ಳಿಮಾರಿಗೆ ಬಾ.

ದೇಯಿ ಕತ್ತರಿ ಕೆಳಗಿಟ್ಟು ಯೋಚಿಸಿದರು. "ಬರ್ತೇನೆ. ಆದರೆ ಒಂದೇ ಸಲ. ಆವತ್ತೂ ಕಪ್ಪೆಯೇ ಆದರೆ, ಮತ್ತೆ ಈ ಮನೆಯಲ್ಲಿ ಹಕ್ಕಿಯ ಸುದ್ದಿ ಎತ್ತಬಾರದು. ಒಪ್ಪಿಗೆಯಾ?"

"ಒಪ್ಪಿಗೆ" ಎಂದರು ನೋಣಯ್ಯ.

ತಮಾಷೆಗೇ ಶುರುವಾದ ಮಾತು ಅದು. ಆದರೆ ಹೇಳಿ ಮುಗಿಸಿದ ಮೇಲೆ ಇಬ್ಬರೂ ನಗಲಿಲ್ಲ. ಕಂಡಕ್ಟರನ ಕೆಲಸದಲ್ಲಿ ಕೈಗೆ ಬಂದದ್ದೆಲ್ಲ ಅದೇ ಸಂಜೆ ಇನ್ನೊಬ್ಬರ ಕೈಗೆ ಹೋಗುತ್ತದೆ. ಇಷ್ಟು ವರ್ಷ ನಿಂತೇ ದುಡಿದವನಿಗೆ ಹೆಂಡತಿಯನ್ನು ಕರೆದು 'ನೋಡು, ಇದು ನಾನು ಮಾಡಿದ್ದು' ಎಂದು ತೋರಿಸಲು ಇದ್ದದ್ದು ಒಂದು ತುಂಡು ರಸ್ತೆಯ ಮೌನ, ಆ ಮೌನವನ್ನು ನಂಬಿ ದಂಡೆಗೆ ಬಂದ ಹಕ್ಕಿಗಳು. ಅದೂ ಆ ಸಂಜೆ ಕಾಣದೆ ಹೋದರೆ, ಇಷ್ಟು ವರ್ಷ ಊಟದ ಹೊತ್ತಿಗೆ ಹೇಳಿದ್ದೆಲ್ಲ ಬರೀ ಮಾತಾಗಿ ಉಳಿಯುತ್ತಿತ್ತು.

ಆ ದಿನ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ದೇಯಿ ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು, ಸ್ಟೇಟ್‌ಬ್ಯಾಂಕಿನಲ್ಲಿ ಜಾಯ್ಸ್ ಹತ್ತಿ ಮುಂದಿನ ಕಿಟಕಿಯ ಸೀಟಿನಲ್ಲಿ ಕೂತರು. ಬ್ರಾಂಚಿಗೆ ಬೀಡಿ ಕೊಡಲು ಪಕ್ಕದ ಮನೆಯವರಿಗೆ ಹೇಳಿ ಬಂದಿದ್ದರು.

"ದುಂಬು ಪೋಲೆ, ದುಂಬು ಪೋಲೆ" ಎಂದು ನಿಂತವರನ್ನು ಮುಂದೆ ಸರಿಸುತ್ತಾ ಬಂದ ನೋಣಯ್ಯ ಅವರ ಹತ್ತಿರ ನಿಂತರು. "ಎಲ್ಲಿಗೆ?"

"ಕಪ್ಪೆಕೆರೆಗೆ ಒಂದು" ಎಂದರು ದೇಯಿ, ಕಿಟಕಿಯ ಕಡೆ ನೋಡಿಕೊಂಡು. ಹಿಂದಿನ ಸೀಟಿನವರು ನಕ್ಕರು.

ಎಲ್ಲ ಸರಿಯಾಗಿಯೇ ಹೋಗುತ್ತಿತ್ತು, ಉರ್ವ ಮಾರ್ಕೆಟಿನವರೆಗೆ. ಅಲ್ಲಿ ನೆವಿಲರ ಇನ್ನೊಂದು ಬಸ್ಸು ಕಾದು ನಿಂತಿತ್ತು. ಮುಂದೆ ಬಾಳೆಗಿಡ, ಸುತ್ತ ಬಲೂನು, ಒಳಗೆ ನಾಸಿಕ್ ಬ್ಯಾಂಡಿನ ಹುಡುಗರು, ಅವರ ತೊಡೆಗಳ ಮೇಲೆ ದೊಡ್ಡ ದೊಡ್ಡ ಡೋಲುಗಳು. ಸ್ಟೇಟ್‌ಬ್ಯಾಂಕಿನ ಡ್ರೈವರು, ಕಂಡಕ್ಟರುಗಳಲ್ಲಿ ಆ ಹೊತ್ತಿಗೆ ರಜೆ ಸಿಕ್ಕಿದವರೆಲ್ಲ ಅದರಲ್ಲಿದ್ದರು. ನೆವಿಲ್ ಇಳಿದು ಬಂದು ಸೇವಂತಿಗೆಯ ದಪ್ಪ ಹಾರವನ್ನು ನೋಣಯ್ಯನವರ ಕೊರಳಿಗೆ ಹಾಕಿದರು.

"ನಮ್ಮ ಅಮ್ಮನ ಹೆಸರನ್ನು ಇಷ್ಟು ವರ್ಷ ಊರಿಡೀ ಕೂಗಿದವರು ನೀವು, ನೋಣಯ್ಯಣ್ಣ. ನಿಮ್ಮನ್ನು ಸುಮ್ಮನೆ ಕಳಿಸುದುಂಟಾ? ಲಾಸ್ಟ್ ಸ್ಟಾಪಿನವರೆಗೆ ಮೆರವಣಿಗೆ!"

"ದಣಿ, ಅಲ್ಲಿಯವರೆಗೆ ಬೇಡ, ಇಲ್ಲಿಯೇ..." ಎಂದು ನೋಣಯ್ಯ ಶುರು ಮಾಡಿದರು. ಉಳಿದದ್ದನ್ನು ಡೋಲುಗಳು ನುಂಗಿದವು.

ಬಲೂನಿನ ಬಸ್ಸು ಮುಂದೆ, ಜಾಯ್ಸ್ ಹಿಂದೆ. ದಾರಿಯ ಅಂಗಡಿಗಳಿಂದ ಜನ ಹೊರಗೆ ಬಂದು ಕೈ ಬೀಸಿದರು. ಎದುರು ಬಂದ ಬಸ್ಸುಗಳೆಲ್ಲ ಉದ್ದಕ್ಕೆ ಹಾರ್ನ್ ಒತ್ತಿ ಮರ್ಯಾದೆ ಕೊಟ್ಟವು. ಬಸ್ಸಿನೊಳಗಿನ ಕಾಲೇಜು ಮಕ್ಕಳು ಸೀಟಿನ ಕಂಬಿಗೆ ತಾಳ ಹಾಕಿದರು. ಫುಟ್‌ಬೋರ್ಡಿನಲ್ಲಿ ಹಾರ ಹಾಕಿಕೊಂಡು ನಿಂತ ನೋಣಯ್ಯ ಒಳಗೆ ತಿರುಗಿ ನೋಡಿದರೆ, ದೇಯಿಯ ಮುಖ ಅರಳಿ ನಿಂತಿತ್ತು. ಗಂಡನಿಗೆ ಇಷ್ಟು ಜನರಿದ್ದಾರೆಂದು ಅವರಿಗೆ ಗೊತ್ತಿರಲಿಲ್ಲ.

"ಇದೇ ಇಷ್ಟು ಚಂದ ಉಂಟು" ಎಂದು ಅವರು ಕೂಗಿ ಹೇಳಿದರು. "ಇನ್ನು ಹಕ್ಕಿ ಯಾಕೆ?"

ನೋಣಯ್ಯ ನಕ್ಕರು. ನಗುವಾಗಲೂ ಅವರ ಕಣ್ಣು ರಸ್ತೆಯ ಮೇಲಿತ್ತು. ಈ ಡೋಲು ಕೆರೆಯವರೆಗೆ ಬಂದರೆ ಹಕ್ಕಿಗಳು ಇರುವುದಿಲ್ಲ. ನಿಲ್ಲಿಸಿದರೆ, ಪ್ರೀತಿಯಿಂದ ಬಂದವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಅವರು ಫೋನ್ ತೆಗೆದು ನೆವಿಲರಿಗೆ ಮಾಡಿದರು. ಮುಂದಿನ ಬಸ್ಸಿನ ಹಿಂಬದಿಯ ಗಾಜಿನಲ್ಲಿ ನೆವಿಲ್ ಎರಡೂ ಕೈ ಮೇಲೆತ್ತಿ ಕುಣಿಯುವುದು ಕಾಣುತ್ತಿತ್ತು. ಅವರ ಜೇಬಿನ ಫೋನು ಯಾರಿಗೆ ಕೇಳಬೇಕು? ನೋಣಯ್ಯ ಫುಟ್‌ಬೋರ್ಡಿನಿಂದ ಹೊರಗೆ ಬಾಗಿ, ಸಾಕು ಸಾಕು ಎಂದು ಕೈ ಆಡಿಸಿದರು. ಗಾಜಿನ ಹಿಂದಿದ್ದವರೆಲ್ಲ ಇನ್ನೂ ಜೋರಾಗಿ ಕೈ ಬೀಸಿದರು. ಅಝರ್ ಹೆಡ್‌ಲೈಟನ್ನು ಮಿಣಕಿಸಿದ. ಅದಕ್ಕೆ ಉತ್ತರವಾಗಿ ಡೋಲಿನ ಏಟು ದುಪ್ಪಟ್ಟಾಯಿತು.

"ನೋಣಯ್ಯಣ್ಣ" ಎಂದ ಅಝರ್, ಕನ್ನಡಿಯಲ್ಲಿ ಅವರನ್ನು ನೋಡುತ್ತಾ. "ಮರ ಬಂತು. ಎಂತ ಮಾಡುದು?"

ಬಲೂನಿನ ಬಸ್ಸು ಕಾಸರಕನ ಮರವನ್ನು ದಾಟಿತು. ಹಿಂದೆಯೇ ಜಾಯ್ಸೂ ದಾಟಿದಳು. ದೂರದಲ್ಲಿ, ತೆಂಗಿನ ಮರಗಳ ಸಂದಿಯಲ್ಲಿ, ಕೆರೆಯ ನೀರು ಒಮ್ಮೆ ಮಿನುಗಿ ಮರೆಯಾಯಿತು.

ನೋಣಯ್ಯನವರ ಕೈ ಜೇಬಿನ ಮೇಲಿತ್ತು. ಮೊದಲ ದಿನದ ಆ ಬೈಗಳಿನಿಂದೀಚೆಗೆ ಈ ತಿರುವಿನಲ್ಲಿ ಅವರು ವಿಸಿಲನ್ನು ಹೊರಗೆ ತೆಗೆದವರಲ್ಲ. ಅವರು ಒಮ್ಮೆ ದೇಯಿಯ ಕಡೆ ನೋಡಿದರು. ದೇಯಿಯ ನಗು ನಿಂತಿತ್ತು. ಗಂಡನ ಮುಖದಲ್ಲಿ ಏನೋ ಕಂಡು ಅವರು ಸೀಟಿನಿಂದ ಅರ್ಧ ಎದ್ದಿದ್ದರು.

ನೋಣಯ್ಯ ವಿಸಿಲನ್ನು ತುಟಿಗಿಟ್ಟು ಊದಿದರು. ಒಂದೇ ಒಂದು, ಉದ್ದಕ್ಕೆ.

ಅಷ್ಟು ಡೋಲುಗಳ ನಡುವಿನಿಂದ ಮುಂದಿನ ಬಸ್ಸಿನ ಡ್ರೈವರನ ಕಿವಿ ಅದನ್ನು ಹೆಕ್ಕಿಕೊಂಡಿತು. ಯಾರು ಊದಿದರು, ಯಾಕೆ ಊದಿದರು ಎಂದು ಅವನು ಯೋಚಿಸಲಿಲ್ಲ. ಕಾಲು ಬ್ರೇಕಿನ ಮೇಲೆ ಹೋಯಿತು. ಅಝರನ ಕಾಲೂ ಹೋಯಿತು. ಬ್ಯಾಂಡಿನ ಹುಡುಗರು ಒಬ್ಬರ ಮೇಲೊಬ್ಬರು ವಾಲಿದರು. ಒಂದು ಡೋಲು ಢಬ್ಬೆಂದು ಉರುಳಿತು. ಆಮೇಲೆ ಸದ್ದಿಲ್ಲ.

ನೆವಿಲ್ ಬಾಗಿಲಿನಿಂದ ಹಾರಿ ಇಳಿದರು. "ಎಂತಾಯ್ತು? ಯಾರಾದ್ರೂ ಬಿದ್ರಾ?"

ನೋಣಯ್ಯ ನೋಯುವ ಮಂಡಿಯಲ್ಲೇ ಅವರ ಹತ್ತಿರ ಓಡಿದರು. ದೊಡ್ಡ ಸ್ವರ ತೆಗೆಯಲಿಲ್ಲ.

"ಯಾರೂ ಬೀಳ್ಲಿಲ್ಲ ದಣಿ. ಇಲ್ಲಿಂದ ಆಚೆ ನಾವು ಸದ್ದು ಮಾಡುದಿಲ್ಲ. ಕೆರೆಯಲ್ಲಿ ಹಕ್ಕಿಗಳುಂಟು. ಇವತ್ತು ನನ್ನ ಹೆಂಡತಿಗೆ ಅದನ್ನು ತೋರಿಸ್ಬೇಕು. ಅದಕ್ಕೆ ಊದಿದೆ. ಇಲ್ಲದಿದ್ದರೆ ಈ ಜಾಗದಲ್ಲಿ ನಾನು ಊದುವವನಲ್ಲ."

ನೆವಿಲರ ಹಣೆಯಿಂದ ಬೆವರು ಇಳಿಯುತ್ತಿತ್ತು. ಅವರು ಒಮ್ಮೆ ರಸ್ತೆ ನೋಡಿದರು, ಒಮ್ಮೆ ಬಲೂನು ನೋಡಿದರು.

"ಮೊದಲೇ ಹೇಳ್ಬಾರದಾ ಮಾರಾಯ್ರೆ!"

"ಹೇಳಿದೆ. ಡೋಲು ಕೇಳ್ಲಿಲ್ಲ."

ನೆವಿಲ್ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ಬಸ್ಸಿನ ಕಡೆ ತಿರುಗಿ ಪಿಸುಗುಟ್ಟಿದರು. "ಇಳೀರಿ ಎಲ್ಲ. ಡೋಲು ಒಳಗೇ ಇರಲಿ. ನಡೀವ. ಚಪ್ಪಲಿ ಎಳೀಬೇಡಿ."

ಹೀಗೆ ಆ ಮೆರವಣಿಗೆಯ ಕೊನೆಯ ಭಾಗ ಕಾಲ್ನಡಿಗೆಯಲ್ಲಿ ಸಾಗಿತು. ಬಲೂನಿನ ಬಸ್ಸನ್ನು ಮರದ ಹತ್ತಿರವೇ ಬಿಟ್ಟು, ದಿನವಿಡೀ ಪೇಟೆಯಲ್ಲಿ ಕೂಗುವುದೇ ಕೆಲಸವಾದ ಅಷ್ಟೂ ಗಂಡಸರು, ಬಣ್ಣದ ಟೀಶರ್ಟಿನ ಬ್ಯಾಂಡಿನ ಹುಡುಗರು, ಮಲಗಿದ ಮಗುವಿನ ಕೋಣೆಗೆ ಹೊಕ್ಕವರಂತೆ ಹೆಜ್ಜೆ ಇಟ್ಟರು. ಅವರ ಹಿಂದೆ ಜಾಯ್ಸ್ ಮೆಲ್ಲಗೆ ಉರುಳಿಕೊಂಡು ಬಂದಳು.

ಕೆರೆ ಖಾಲಿ ಇತ್ತು.

ರಮ್ಲಾ ಅಂಗಡಿಯಿಂದ ಓಡಿ ಬಂದಳು. "ಈಗಷ್ಟೇ ಎದ್ದು ಹೋದವು, ನೋಣಯ್ಯಣ್ಣ. ಸದ್ದು ಕೇಳಿ. ಎಲ್ಲ."

ತಾವರೆ ಎಲೆಗಳ ಮೇಲೆ ಚೆಕ್ಕಿಂಗ್ ಇನ್‌ಸ್ಪೆಕ್ಟರ್ ಕೂಡ ಇರಲಿಲ್ಲ. ಸೂರ್ಯ ತೆಂಗಿನ ಗರಿಗಳಿಗೆ ತಾಗುವಷ್ಟು ಇಳಿದಿದ್ದ. ನೋಣಯ್ಯ ಕೊರಳಿನ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು. ಏನು ಮಾಡಬೇಕೆಂದು ತಿಳಿಯದೆ ಅದರ ಒಂದೊಂದೇ ಎಸಳನ್ನು ಕೀಳುತ್ತಿದ್ದರು. ದೇಯಿ ರಮ್ಲಾಳ ಬೆಂಚಿನ ಮೇಲೆ ಕೂತರು. ಹುಡುಗರು ದಂಡೆಯ ಹುಲ್ಲಿನಲ್ಲಿ ಕೂತರು. ನೆವಿಲ್ ಯಾರ ಮುಖವನ್ನೂ ನೋಡದೆ ನಿಂತರು.

ಎಲ್ಲೋ ಒಂದು ಕಪ್ಪೆ ಪರೀಕ್ಷೆಗೆಂಬಂತೆ ಒಮ್ಮೆ ವಟಗುಟ್ಟಿತು.

ಎಲ್ಲರಿಗೂ ಕೇಳಿಸಿತು. ದೇಯಿ ಗಂಡನನ್ನು ನೋಡಿದರು. 'ಇನ್ನು ಹಕ್ಕಿಯ ಸುದ್ದಿ ಬೇಡ' ಎಂಬ ಮಾತಿಗಾಗಿ ಎಷ್ಟೋ ವರ್ಷದಿಂದ ಕಾದಿದ್ದ ಹೆಂಗಸು ಅದನ್ನು ಆಡಲಿಲ್ಲ. ಬೆಂಚಿನಲ್ಲಿ ಸ್ವಲ್ಪ ಸರಿದು, ಪಕ್ಕದ ಜಾಗವನ್ನು ಅಂಗೈಯಲ್ಲಿ ಒರೆಸಿ, "ಕೂತ್ಕೊಳ್ಳಿ. ಮಂಡಿ ನೋಯ್ತದೆ" ಎಂದರು.

ಅವರು ಕೂತರು. ಅಝರ್ ದೂರದಿಂದ ಕೈಗಡಿಯಾರ ತೋರಿಸಿದ. ಹೊರಡುವ ಟೈಮಾಗಿತ್ತು. ಸಿಟಿ ಬಸ್ಸಿಗೆ ಟೈಮಿಂಗ್ ಎಂದರೆ ಪ್ರಾಣ. ಒಂದು ನಿಮಿಷ ತಡವಾದರೆ ಹಿಂದಿನ ಬಸ್ಸಿನವರು ಜಗಳಕ್ಕೆ ಬರುತ್ತಾರೆ. ನೋಣಯ್ಯ ಅಭ್ಯಾಸದಂತೆ ಏಳಹೊರಟರು. ನೆವಿಲ್ ಅವರ ಹೆಗಲಿನ ಮೇಲೆ ಕೈ ಇಟ್ಟು ಕೂರಿಸಿದರು. "ಇವತ್ತು ಟೈಮಿಂಗ್ ನನಗೆ ಬಿಡಿ."

ಕಾದರು. ಗಾಳಿ ನಿಂತಿತು. ನೀರು ಹಳದಿಯಾಯಿತು.

ಮೊದಲು ಒಂದೇ ಒಂದು ಬಂತು. ಗುಡ್ಡದ ನೆರಳಿನಿಂದ ಹೊರಟ ಬಿಳಿಯ ಚುಕ್ಕೆ ಬೆಳೆದು ಬೆಳೆದು ಬೆಳ್ಳಕ್ಕಿಯಾಗಿ, ಕುದ್ರುವಿನ ಮೇಲೆ ಒಂದು ಸುತ್ತು ಹಾಕಿ, ಕೆಳಗೆ ಕೂತ ಗುಂಪನ್ನು ನೋಡಿ, ಯೋಚಿಸಿ, ಮತ್ತೊಂದು ಸುತ್ತು ಹಾಕಿ, ಕೊನೆಗೆ ಮರದ ತುದಿಗೆ ಇಳಿಯಿತು. "ಕೊರುಂಗು" ಎಂದು ಬ್ಯಾಂಡಿನ ಹುಡುಗನೊಬ್ಬ ತುಳುವಿನಲ್ಲಿ ಉಸಿರಿದ. ಆಮೇಲೆ ಒಂದು ಸಾಲು. ಅದರ ಹಿಂದೆ ಇನ್ನೊಂದು. ಗದ್ದೆಯ ಕಡೆಯಿಂದ, ನದಿಯ ಕಡೆಯಿಂದ, ಯಾರೋ ಬಿಳಿ ನೂಲನ್ನು ಎಳೆದು ಎಳೆದು ಕೆರೆಗೆ ತಂದು ಸುತ್ತುತ್ತಿದ್ದಂತೆ ಅವು ಬಂದವು. ಕುದ್ರುವಿನ ಹಸಿರು ಸ್ವಲ್ಪ ಸ್ವಲ್ಪವಾಗಿ ಬೆಳ್ಳಗಾಯಿತು.

ಆಗ ಗುಡ್ಡದಾಚೆಯಿಂದ ಬಾತುಗಳು ಬಂದವು. ಹೆದರಿ ಓಡಿದ್ದ ಹಿಂಡು ತಗ್ಗಿನಲ್ಲಿ ಹಾರಿ ಬಂದು ಎದುರಿನ ನೀರಿಗೆ ಇಳಿಯಿತು. ಇಳಿದ ಕಡೆಯೆಲ್ಲ ನೀರು ಹಳದಿಯಾಗಿ ಸೀಳಿತು. ಅವು ಹೆಚ್ಚು ಹೊತ್ತು ಕೂರಲಿಲ್ಲ. ನೀರು ಕುಂಕುಮದ ಬಣ್ಣಕ್ಕೆ ತಿರುಗಿದಾಗ, ಈ ಸಲ ಗಾಬರಿಯಿಲ್ಲದೆ, ಹೊತ್ತಾಯಿತೆಂದು ಮನೆಯಿಂದ ಹೊರಡುವವರಂತೆ, ಸಾಲು ಸಾಲಾಗಿ ಎದ್ದವು. ಬರುವ ಬಿಳಿ, ಹೊರಡುವ ಕಂದು. ಎರಡೂ ಕೆರೆಯ ಮೇಲೆ ಎದುರುಬದುರಾದವು. ಒಂದಕ್ಕೊಂದು ತಾಗಲಿಲ್ಲ. ಬೆಂಚಿನ ಮೇಲೆಯೇ ಹಾದುಹೋದ ಬಾತುಗಳ ರೆಕ್ಕೆಯ ಗಾಳಿ ದೇಯಿಯ ಮಲ್ಲಿಗೆಗೆ ತಾಗಿತು. ಅವುಗಳ ಸಣ್ಣ ಶಿಳ್ಳೆ ಗದ್ದೆಗಳ ಕಡೆಗೆ ದೂರವಾಗುತ್ತಾ ಹೋಯಿತು.

ಯಾರೂ ಫೋನ್ ತೆಗೆಯಲಿಲ್ಲ. ತೆಗೆಯಬಾರದೆಂದು ಯಾರೂ ಹೇಳಿರಲಿಲ್ಲ.

ನೀರು ಬೂದಿಯಾದ ಮೇಲೆ ದೇಯಿ ಮೆಲ್ಲಗೆ ಹೇಳಿದರು. "ನೀವು ಸರಿ ಹೇಳ್ಲಿಲ್ಲ."

ನೋಣಯ್ಯನವರಿಗೆ ದಿಗಿಲಾಯಿತು. "ಎಂತ ಹೇಳ್ಲಿಲ್ಲ? ದಿನಾ ಹೇಳಿದ್ದೇನೆ."

"ಹೇಳಿದ್ದು ಸಾಕಾಗ್ಲಿಲ್ಲ."

ಅವರು ಕಣ್ಣೊರೆಸಿಕೊಳ್ಳಲಿಲ್ಲ, ಕೈ ಹಿಡಿಯಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತರು, ಅಷ್ಟೆ. ತಿರುಗಿ, ಹುಲ್ಲಿನಲ್ಲಿ ಕೂತಿದ್ದ ಅಷ್ಟೂ ಜನರನ್ನು, ದೊಡ್ಡ ದಣಿಯನ್ನು, ಕೂಗಾಡದ ಕಂಡಕ್ಟರುಗಳನ್ನು ಒಂದು ಸುತ್ತು ನೋಡಿದರು. ತನ್ನ ಗಂಡನ ಒಂದು ಉಸಿರಿಗೆ ನಿಂತ ಜನ ಇವರು. ಆ ನೋಟದಲ್ಲಿ ಇದ್ದದ್ದನ್ನು ರಮ್ಲಾ ಕಂಡಳು. ಕಂಡು, ಎಲ್ಲರಿಗಿಂತ ಮೊದಲು ಶರಬತ್ತಿನ ಗ್ಲಾಸನ್ನು ದೇಯಿಯ ಕೈಗೇ ಕೊಟ್ಟಳು.

"ತಕ್ಕೊಳ್ಳಿ ದೇಯಕ್ಕ. ನಮ್ಮ ಉಮ್ಮನ ಶರಬತ್ತು. ಇವರಿಗೆ ಮೊದಲು ಬೈದದ್ದು ಅವರೇ."

"ಬೈದದ್ದು ಒಳ್ಳೇದಾಯ್ತು" ಎಂದರು ದೇಯಿ. "ನಾನು ಎಷ್ಟು ಬೈದರೂ ಇವರಿಗೆ ನಾಟುದಿಲ್ಲ."

ಹೊರಡುವಾಗ ಬಸ್ಸನ್ನು ತಿರುಗಿಸಬೇಕಿತ್ತು. ನೋಣಯ್ಯ ಎಂದಿನಂತೆ ಹಿಂದೆ ಹೋಗಿ ತಗಡಿಗೆ ತಟ್ಟಿ ತಟ್ಟಿ ಜಾಯ್ಸನ್ನು ಪೇಟೆಯ ಕಡೆಗೆ ಮುಖ ಮಾಡಿ ನಿಲ್ಲಿಸಿದರು. ಎಲ್ಲರೂ ಹತ್ತಿದರು. ಇನ್ನು ಎರಡು ತಟ್ಟಿದರೆ ಹೊರಡುವುದು. ಕೊನೆಯ ಸಲ ಬಾಗಿಲ ಪಕ್ಕದ ತಗಡಿನ ಮೇಲೆ ಅಂಗೈ ಇಟ್ಟವರು ಹಾಗೆಯೇ ಇಟ್ಟುಕೊಂಡು ನಿಂತರು. ಕೈ ಏಳಲಿಲ್ಲ.

ಬಾಗಿಲ ಹತ್ತಿರದ ಕಿಟಕಿಯಿಂದ ಹೊಗೆಸೊಪ್ಪಿನ ಬಣ್ಣ ಹಿಡಿದ ಬೆರಳುಗಳ ಒಂದು ಕೈ ಹೊರಗೆ ಬಂತು. ಅದು ತಗಡಿಗೆ ಎರಡು ಸಲ ತಟ್ಟಿತು, ಹಕ್ಕಿಗೂ ಕೇಳದಷ್ಟು ಮೆಲ್ಲಗೆ.

ಅಝರನಿಗೆ ಕೇಳಿಸಿತು. ಜಾಯ್ಸ್ ಹೊರಟಳು. ನೋಣಯ್ಯ ಫುಟ್‌ಬೋರ್ಡಿಗೆ ಹಾರಿದರು. ಕಾಸರಕನ ಮರದ ಹತ್ತಿರ ನೆವಿಲ್, ಹುಡುಗರು ಎಲ್ಲ ಇಳಿದು ಬಲೂನಿನ ಬಸ್ಸು ಹತ್ತಿದರು. ಮರದಿಂದ ಸಾಕಷ್ಟು ದೂರ ಬಂದ ಮೇಲೆ ನೆವಿಲ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೈ ಸನ್ನೆಯಲ್ಲಿ ಕೇಳಿದರು, ಇನ್ನು ಆಗಬಹುದಾ ಎಂದು. ನೋಣಯ್ಯ ವಿಸಿಲ್ ತೆಗೆದು ಎರಡು ಊದಿ, "ರೈಟ್ ಪೋಯಿ!" ಎಂದು ಕೂಗಿದರು. ಅಲ್ಲಿಂದ ಸ್ಟೇಟ್‌ಬ್ಯಾಂಕಿನವರೆಗೆ ಡೋಲು ನಿಲ್ಲಲಿಲ್ಲ.

ಮರುದಿನ ಸಂಜೆ ಜಾಯ್ಸಿನಲ್ಲಿ ಹೊಸ ಕಂಡಕ್ಟರಿದ್ದ. ಮುಂದಿನ ಎರಡು ಸೀಟುಗಳಲ್ಲಿ ನೋಣಯ್ಯ, ದೇಯಿ. ಬೀಡಿಯನ್ನು ಮಧ್ಯಾಹ್ನವೇ ಕಟ್ಟಿ ಮುಗಿಸಿ, ಬ್ರಾಂಚಿಗೆ ಕೊಡಲು ಮತ್ತೆ ಪಕ್ಕದ ಮನೆಯವರಿಗೆ ಹೇಳಿ, ಹೊರಡುವಂತೆ ಅವಸರ ಮಾಡಿದವರು ದೇಯಿಯೇ. ಅವರ ಹಿಂದಿನ ಸೀಟಿನಲ್ಲಿ, ಆ ದಾರಿಗೆ ಹೊಸಬರಾದ ಗಂಡಸೊಬ್ಬರು ಫೋನಿನಲ್ಲಿ ದೊಡ್ಡ ಸ್ವರದಲ್ಲಿ ಯಾವುದೋ ಸೈಟಿನ ವ್ಯಾಪಾರ ಮಾತಾಡುತ್ತಿದ್ದರು. ಕಾಸರಕನ ಮರ ಹತ್ತಿರ ಬಂತು. ನೋಣಯ್ಯ ಹಿಂದಕ್ಕೆ ತಿರುಗಬೇಕೆಂದುಕೊಳ್ಳುವಷ್ಟರಲ್ಲಿ ದೇಯಿ ತಿರುಗಿಯಾಗಿತ್ತು.

"ಅಣ್ಣಾ, ಇಲ್ಲಿಂದ ಸ್ವಲ್ಪ ಮೆಲ್ಲ" ಎಂದರು. "ನಮ್ಮ ಹಕ್ಕಿಗಳುಂಟು."

ನೋಣಯ್ಯ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಬಸ್ಸು ಸದ್ದಿಲ್ಲದೆ ಕೆರೆಯ ಕಡೆ ಇಳಿಯುತ್ತಿತ್ತು.